ಹಸಿರು ದಾರದ ಬಾಟಲಿ

ರಾಜೂರಿನ ಮಸೂತಿ ಓಣಿಯಲ್ಲಿ ಮಾಸುಮಬಿಯ ಕಣ್ಣು ತಪ್ಪಿಸಿ ಒಂದು ಕೋಳಿ ಸಹಿತ ದಾರಿ ದಾಟುತ್ತಿರಲಿಲ್ಲ. ಮುಂಜಾನೆಯ ನಮಾಜು ಮುಗಿಸಿ, ಆಡಿಗೆ ಸೊಪ್ಪು ಹಾಕಿ, ಸೊಂಟದ ಸಂಚಿಯಿಂದ ಎಲೆ ತೆಗೆದು ಸುಣ್ಣ ಸವರುತ್ತ ಕಟ್ಟೆಗೆ ಕೂತಳೆಂದರೆ ಮುಗಿಯಿತು, ಯಾರ ಕೊಡ ಎಲ್ಲಿಂದ ತುಂಬಿ ಬಂತು, ಯಾರು ಯಾರ ಮನೆಯ ಕೂಸನ್ನು ಎತ್ತಿಕೊಂಡರು, ಎತ್ತಿಕೊಂಡು ಏನಂದರು, ಎಲ್ಲವೂ ಆಕೆಯ ಲೆಕ್ಕಕ್ಕೆ ಬರುತ್ತಿತ್ತು. ಮೊದಲೇನೂ ಆಕೆ ಹಾಗಿರಲಿಲ್ಲ. ಮೊಮ್ಮಗ ಅಲ್ತಮಶನ ಹೊಟ್ಟೆ ಮೇಲಿಂದ ಮೇಲೆ ಕೆಡತೊಡಗಿತಲ್ಲ, ಆವಾಗಿನಿಂದ ಈ ಕಣ್ಣು ಬಂತು.

ಹುಡುಗನಿಗೆ ಮೂರು ತುಂಬಿ ನಾಲ್ಕು ನಡೆದಿತ್ತು. ನೋಡಿದವರು ಎರಡು ಅನ್ನುತ್ತಿದ್ದರು. ಕಾಲು ಜೋಳದ ದಂಟಿನಂತೆ ಸಣ್ಣ, ಹೊಟ್ಟೆಯೊಂದೇ ಮುಂದೆ. ನಡೆಯಲು ಕಲಿತದ್ದು ತಡವಾಗಿ. ಮಾತೂ ಹಾಗೇ. ನಾಲ್ಕು ದಿನ ಆರಾಮ ಇದ್ದರೆ ಹೊಸದೊಂದು ಮಾತು ಹಿಡಿಯುವನು. ಮತ್ತೆ ಭೇದಿ ಹತ್ತಿತೆಂದರೆ ಹಾಸಿಗೆಯ ಮೂಲೆಗೆ ಬಿದ್ದು ಆ ಮಾತನ್ನೂ ಮರೆತವನಂತೆ ಸುಮ್ಮನೆ ಕಣ್ಣು ಬಿಡುವನು. ಎದುರು ಮನೆಯ ಫಕೀರವ್ವನ ಮೊಮ್ಮಗ ರಾಯಣ್ಣ ಇವನ ಓರಿಗೆಯವನೇ. ಆ ಹುಡುಗ ಸೈಕಲ್ಲಿನ ಹಳೇ ಟಾಯರು ಹೊಡೆಯುತ್ತ ಓಣಿಯನ್ನೇ ಎತ್ತಿ ಕುಣಿಸುವಾಗ ಮಾಸುಮಬಿಯ ಬಾಯೊಳಗಿನ ಎಲೆ ಕಹಿಯಾಗುತ್ತಿತ್ತು.

ಯಾರೋ ಏನೋ ಮಾಡುತ್ತಿದ್ದಾರೆ. ಇಷ್ಟು ಮಾತ್ರ ಆಕೆಗೆ ಖಾತ್ರಿ. ಯಾರು ಅನ್ನುವುದೊಂದು ತಿಳಿಯಬೇಕಿತ್ತು.

ಮೊದಲು ಅನುಮಾನ ಬಿದ್ದದ್ದು ಗೋಣೆಪ್ಪನ ಮೇಲೆ. ಊರ ಶುದ್ಧ ನೀರಿನ ಘಟಕವನ್ನು ನೋಡಿಕೊಳ್ಳುವವನು ಅವನು. ಊರವರು ಅದನ್ನು ಫಿಲ್ಟರ್ ಅನ್ನುತ್ತಿದ್ದರು. ಮಾಸುಮಬಿ ಅಲ್ಲಿಯ ನೀರು ಬಾಯಿಗೆ ಹಾಕಿದವಳಲ್ಲ. ಹಾಕಿದರೆ ಮೊಣಕಾಲು ಹಿಡಿಯುತ್ತವೆ ಎಂದು ಆಕೆಯ ನಂಬಿಕೆ. ಆದರೆ ಮಗ ಮೆಹಬೂಬಸುಭಾನಿ ಹಟ ಹಿಡಿದು ಮನೆಗೆ ಕ್ಯಾನು ತರಿಸುತ್ತಿದ್ದ. ಅವನಿಗೆ ನರಗುಂದದ ಕಾಳಿನ ಪೇಟೆಯಲ್ಲಿ ತೂಕ ಮಾಡುವ ಕೆಲಸ, ಅಲ್ಲೇ ಒಂದು ಖೋಲಿ. ವಾರಕ್ಕೊಮ್ಮೆ ಊರಿಗೆ ಬರುವವನ ಮಾತು ತೆಗೆದುಹಾಕಲು ತಾಯಿಗೆ ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ಆಕೆ ಬರಿಗೈಯಲ್ಲಿ ಫಿಲ್ಟರ್ ಮುಂದೆ ಹೋಗಿ ನಿಂತಳು. ಕ್ಯಾನು ಹಿಡಿದ ಹೆಣ್ಣುಮಕ್ಕಳ ಪಾಳಿ ಇತ್ತು.

“ಬರ್ರಿ ಚಿಗವ್ವಾ,” ಅಂದ ಗೋಣೆಪ್ಪ. “ಇವತ್ತ ಸೂರ್ಯ ಯಾ ಕಡೆ ಹುಟ್ಟ್ಯಾನ? ನೀವು ಫಿಲ್ಟರ್ ಕಡೆ!”

“ಸೂರ್ಯ ಅಲ್ಲೇ ಹುಟ್ಟ್ಯಾನ. ನಿನ್ನ ಮಷಿನಿನ್ಯಾಗ ಏನ ಹಾಕ್ತಿ ಅಂತ ನೋಡಾಕ ಬಂದೀನಿ.”

“ಏನ ಹಾಕ್ತಾರ? ನೀರ ಹಾಕ್ತಾರ.”

“ಪುಡಿ?”

“ಪುಡಿ ಹಾಕಾಕ ಇದೇನ ಚಾದಂಗಡಿ?”

“ನಿನ್ನಿ ಮಧ್ಯಾಹ್ನ ಬಾಗಲಾ ಮುಚ್ಚಿಕೊಂಡು ಒಳಗ ಏನ ಮಾಡಾಕತ್ತಿದ್ದಿ?”

“ರೊಟ್ಟಿ ತಿನ್ನಾಕತ್ತಿದ್ನಿ ಚಿಗವ್ವಾ. ಬಾಗಲಾ ತೆಗದು ಉಂಡ್ರ ನಿಮ್ಮಂಥವ್ರು ಬುತ್ತಿ ಒಳಗ ಏನೈತಿ ಅಂತ ಕೇಳ್ತೀರಿ.”

ಪಾಳಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಫಕೀರವ್ವ. “ನಮ್ಮ ರಾಯಣ್ಣನೂ ಇದನ್ನ ಕುಡೀತಾನಲ್ಲಬೇ ಯಕ್ಕಾ. ಅವಂಗೇನಾಗೈತಿ? ಕಲ್ಲ ತಿಂದ್ರೂ ಕರಗಸ್ತಾನ.”

ಮಾಸುಮಬಿ ನಗಲಿಲ್ಲ. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು. ಒಂದೇ ನೀರು, ಒಂದೇ ಓಣಿ. ಅವಳ ಕೂಸು ಕಲ್ಲು ಕರಗಿಸುತ್ತದೆ, ಇವಳ ಕೂಸು ಅನ್ನ ಕರಗಿಸುವುದಿಲ್ಲ. ಅಂದಮೇಲೆ ನೀರಿನಲ್ಲಿ ಏನಿಲ್ಲ, ಫಕೀರವ್ವನ ಕಣ್ಣಿನಲ್ಲಿದೆ! ಅವತ್ತೇ ಒಣ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಎದ್ದು ಸೊಸೆ ನಾಜಮೀನ ಕೆಮ್ಮಿದಳು, ಕೂಸು ಕೆಮ್ಮಿತು, ಕಟ್ಟಿದ ಆಡೂ ಕೆಮ್ಮಿತು. ಘಾಟು ಎದ್ದಿತಲ್ಲ, ಕಣ್ಣು ಬಿದ್ದಿರಲಿಲ್ಲ ಎಂದು ಅದಕ್ಕೆ ಅರ್ಥ. ಮಾಸುಮಬಿಗೆ ಅದೂ ಸಮಾಧಾನ ತರಲಿಲ್ಲ.

ಇಷ್ಟೆಲ್ಲ ಕಾವಲಿನ ನಡುವೆ ಆಕೆ ನೆಚ್ಚಿದ್ದು ಒಂದೇ ಒಂದನ್ನು. ಒಳಮನೆಯ ಗೋಡೆಯ ಗೂಡಿನಲ್ಲಿ, ಹಸಿರು ಅರಿವೆ ಹೊದ್ದು, ಒಂದು ಮಣ್ಣಿನ ಮಗಿ ಇತ್ತು. ಆಕೆಯ ಅಣ್ಣ ಗೌಸುಸಾಬ ಹಜ್ ಯಾತ್ರೆ ಮುಗಿಸಿ ಬಂದಾಗ ನಂಟರಿಗೆಲ್ಲ ಪವಿತ್ರ ಬಾವಿಯ ಜಮ್‌ಜಮ್ ನೀರನ್ನು ಸಣ್ಣ ಸಣ್ಣ ಬಾಟಲಿಯಲ್ಲಿ ಹಂಚಿದ್ದ. ಉಳಿದವರು ಗುಟುಕು ಗುಟುಕು ಕುಡಿದು ಮುಗಿಸಿದರು. ಮಾಸುಮಬಿ ಮುಗಿಸಲಿಲ್ಲ. ಹೊಸ ಮಗಿಯಲ್ಲಿ ಆ ನೀರು ಹಾಕಿ, ಮೇಲೆ ಮಸೂತಿ ಹಿಂದಿನ ಹಳೇ ಬಾವಿಯ ನೀರು ಬೆರೆಸಿದಳು. ಅರ್ಧಕ್ಕೆ ಬಂತೆಂದರೆ ಮತ್ತೆ ತುಂಬುವಳು. ಒಂದು ಹನಿ ಬೆರೆತರೂ ದೇವರ ಬರಕತ್ತು ಬರಕತ್ತೇ. ಹಾಗೆ ಬೆರೆಸುತ್ತ ಹೋದರೆ ಅದು ಎಂದೂ ತೀರುವುದಿಲ್ಲ. ತೀರಬಾರದೆಂದೇ ಆ ಮಗಿಯನ್ನು ಆಕೆ ಒಮ್ಮೆಯೂ ಬರಿದು ಮಾಡಿರಲಿಲ್ಲ. ತೊಳೆಯಬೇಕೆಂದರೆ ತಳದ ನೀರು ಚೆಲ್ಲಬೇಕು. ಚೆಲ್ಲುವುದೆಂದರೆ ಬೇಅದಬಿ, ಪವಿತ್ರವಾದದ್ದಕ್ಕೆ ಮಾಡಿದ ಅವಮಾನ. ಶುಕ್ರವಾರಕ್ಕೊಮ್ಮೆ ಒಂದು ಬಟ್ಟಲು ತೆಗೆದುಕೊಂಡು ಹೋಗಿ, ಸಂಜೆಯ ನಮಾಜು ಬಿಟ್ಟ ಹೊತ್ತಿಗೆ ಮಸೂತಿ ಬಾಗಿಲಲ್ಲಿ ನಿಲ್ಲುವಳು. ಕೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲು ಅಲ್ಲಿ ಯಾವಾಗಲೂ ಇರುತ್ತಿತ್ತು, ಫಕೀರವ್ವನಂಥವರೂ ಆ ಸಾಲಿನಲ್ಲಿ ಇರುತ್ತಿದ್ದರು. ನಮಾಜು ಮಾಡಿಸುವ ಹಜರತ್ತರು ಹೊರಗೆ ಬಂದು ಎಲ್ಲರ ನೆತ್ತಿಯ ಮೇಲೆ ಊದುವರು, ಆಕೆಯ ಬಟ್ಟಲಿನ ಮೇಲೂ ಊದುವರು. ಆ ನೀರು ಮತ್ತೆ ಮಗಿಗೆ.

ನೀರು ಕೊಡುವುದೆಂದರೆ ಮಾಸುಮಬಿಗೆ ಬರೀ ನೀರು ಕೊಡುವುದಾಗಿರಲಿಲ್ಲ. ಆಕೆಯ ಗಂಡ ಬದುಕಿದ್ದಾಗ ಮೊಹರಂ ಮೇಳದಲ್ಲಿ ಮುಂದೆ ನಿಂತು ಪದ ಹೇಳುತ್ತಿದ್ದ. ಬಾಗಿಲ ಮರೆಯಲ್ಲಿ ನಿಂತು ಕೇಳಿ ಕೇಳಿ ಆಕೆಗೆ ಎಲ್ಲ ಬಾಯಿಗೆ ಬರುತ್ತಿದ್ದವು. ಸುಡುವ ಮರಳಿನಲ್ಲಿ ಹೊಳೆ ಕಣ್ಣೆದುರೇ ಹರಿಯುತ್ತಿದ್ದರೂ ವೈರಿಗಳು ಅಡ್ಡ ನಿಂತದ್ದಕ್ಕೆ ಕೂಸುಗಳಿಗೆ ಗುಟುಕು ನೀರು ಸಿಗಲಿಲ್ಲ ಎಂಬಲ್ಲಿಗೆ ಪದ ಬಂದಾಗ, ವರ್ಷವರ್ಷವೂ ಕೇಳಿದ್ದನ್ನೇ ಹೊಸದಾಗಿ ಕೇಳಿದವಳಂತೆ ಅಳುವಳು. ನೀರು ಬೇಡಿದ ಕೂಸಿಗೆ ಇಲ್ಲ ಅನ್ನುವ ಕೈ ನನ್ನದಾಗಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಅಲ್ತಮಶ “ದಾದೀ, ಪಾನೀ” ಅಂದರೆ ಸಾಕು. ಆಡಿನ ಹಗ್ಗ ಬಿಟ್ಟು, ಸೊಪ್ಪು ಬಿಟ್ಟು, ಎದ್ದು ಬಂದು ಮಗಿಯಲ್ಲಿ ಬಟ್ಟಲು ಅದ್ದುವಳು. ಹುಡುಗನಿಗೆ ಆರಾಮ ತಪ್ಪಿತೋ, ಒಂದು ಬಟ್ಟಲು ಇದ್ದದ್ದು ಎರಡಾಗುತ್ತಿತ್ತು.

ಮಳೆ ನಿಂತ ಮೇಲೆ ಪೇಟೆಯಲ್ಲಿ ಚೀಲವೊಂದು ಜಾರಿ ಮೆಹಬೂಬಸುಭಾನಿಯ ಕೈ ಉಳುಕಿತು. ಅಡಿಗೆ ಮಾಡಿಕೊಡಲು ನಾಜಮೀನ ಮಗನನ್ನು ಕಟ್ಟಿಕೊಂಡು ನರಗುಂದಕ್ಕೆ ಹೋದಳು. ಆಡು, ಮನೆ ಬಿಟ್ಟು ಮಾಸುಮಬಿ ಹೋಗುವ ಹಾಗಿರಲಿಲ್ಲ. ಬಸ್ಸು ಹತ್ತಿಸುವಾಗ ಮಗಿಯ ನೀರು ತುಂಬಿದ ಬಾಟಲಿಯನ್ನು ಸೊಸೆಯ ಚೀಲದೊಳಗೆ ತಾನೇ ಇಟ್ಟಳು.

“ದಿನಾ ಮುಂಜಾನಿ ಸಂಜಿ ಒಂದೊಂದ ಗುಟುಕ ಕೊಡಬೇಕ ನೋಡು. ಮರತಿ?”

“ಇಲ್ರಿ ಅಮ್ಮಾ.”

ತಿಂಗಳ ಮೇಲೆ ತಿರುಗಿ ಬಂದಾಗ ಬಸ್ಸಿನಿಂದ ಇಳಿದ ಹುಡುಗನನ್ನು ಮಾಸುಮಬಿ ಗುರುತಿಸಲಿಲ್ಲ. ಗಲ್ಲಕ್ಕೆ ಮಾಂಸ ಹತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ತಾನೇ ನಡೆದ. ಗುಡ್ಡದ ಮೇಲೆ ತಿರುಗುವ ಗಾಳಿ ಗಿರಣಿ ತೋರಿಸಿ, “ದಾದೀ, ಅದು ಯಾಕ ತಿರಗತೈತಿ? ಯಾರ ತಿರಗಸ್ತಾರ?” ಎಂದು ಕೇಳಿದ. ಒಂದೇ ಉಸಿರಿನಲ್ಲಿ ಅಷ್ಟು ಮಾತು ಅವನ ಬಾಯಿಂದ ಆಕೆ ಕೇಳಿದ್ದು ಅದೇ ಮೊದಲು.

“ನೋಡಿದ್ಯಾ ಫಕೀರವ್ವಾ, ನನ್ನ ನೀರಿನ ಗುಣಾ!” ಕಟ್ಟೆಯಿಂದಲೇ ಕೂಗಿದಳು. “ಬಾಟ್ಲಿ ತುಂಬಿ ಕಳಿಸಿದ್ನಿ ನಾನು.”

“ಹಂಗಾರ ನನಗೂ ಒಂದ ಬಾಟ್ಲಿ ಕೊಡಬೇ ಯಕ್ಕಾ, ನನ್ನ ಗಲ್ಲಾನೂ ತುಂಬಲಿ,” ಎಂದಳು ಫಕೀರವ್ವ.

ನಾಜಮೀನ ಮಾತ್ರ ಏನೂ ಅನ್ನಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಆ ಸುಮ್ಮನಿರುವಿಕೆ ಮಾಸುಮಬಿಯ ಕಣ್ಣಿಗೆ ಬಿತ್ತು. ಬಿದ್ದದ್ದು ಅಲ್ಲೇ ಕೂತಿತು.

ವಾರ ಕಳೆಯುವುದರೊಳಗೆ ಹುಡುಗ ಮತ್ತೆ ಹಾಸಿಗೆ ಹಿಡಿದ. ಗಲ್ಲದ ಮಾಂಸ ಕಣ್ಣ ಮುಂದೆಯೇ ಇಳಿಯಿತು. ಗಾಳಿ ಗಿರಣಿಯನ್ನು ತೋರಿಸಿದರೂ ಆ ಕಡೆ ತಿರುಗಲಿಲ್ಲ.

ಈಗ ಮಾಸುಮಬಿಯ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತ ಬಂತು. ಅಲ್ಲಿ ಆರಾಮ, ಇಲ್ಲಿ ಬ್ಯಾನಿ. ಅಲ್ಲಿ ಗೋಣೆಪ್ಪನಿಲ್ಲ, ಫಕೀರವ್ವನಿಲ್ಲ ಸರಿಯೇ. ಆದರೆ ಅಲ್ಲಿಯೂ ಇಲ್ಲಿಯೂ ಇದ್ದವಳು ಒಬ್ಬಳೇ. ಅವಳಿಗೆ ಬೇಕಾದದ್ದು ಏನು? ಅದೂ ಬೇಗನೇ ತಿಳಿಯಿತು. ಹಿತ್ತಲಲ್ಲಿ ನುಗ್ಗೆಗಿಡದ ಹತ್ತಿರ ನಿಂತು ನಾಜಮೀನ ಗಂಡನ ಜೊತೆ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. “ಇಲ್ಲಿ ಇದ್ರ ಹುಡುಗ ಉಳಿಯೂದಿಲ್ರಿ. ಖೋಲಿ ಸಣ್ಣದಿದ್ರೂ ಚಿಂತಿಲ್ಲ. ಶುಕ್ರವಾರ ಬಂದು ಕರಕೊಂಡು ಹೋಗ್ರಿ… ಅಮ್ಮಗ ನೀವ ಹೇಳ್ರಿ. ನನ್ನ ಬಾಯಿಲೆ ಬರೂದಿಲ್ಲ.”

ಮಾಸುಮಬಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಮನೆ ಒಡೆಯಲು, ಮಗನನ್ನು ಎಳೆದುಕೊಳ್ಳಲು, ಹೆತ್ತ ಕೂಸಿನ ಹೊಟ್ಟೆ ಕೆಡಿಸುವವರೂ ಇರುತ್ತಾರೆಯೇ? ಇರುತ್ತಾರೆ, ಅಂದಿತು ಮನಸ್ಸು. ಶುಕ್ರವಾರ ಈ ಹುಡುಗ ಹೋದರೆ ಮತ್ತೆ ತನ್ನ ಮಡಿಲಿಗೆ ಬರುವುದು ಯಾವಾಗಲೋ. ಅಷ್ಟರೊಳಗೆ ಸೊಸೆಯ ಕೈ ಹಿಡಿಯಬೇಕು.

ಹಿಡಿದೇಬಿಟ್ಟಳು ಮರುದಿನ. ಅಡಿಗೆಮನೆಯಲ್ಲಿ ನಾಜಮೀನ ಬೆನ್ನು ತಿರುಗಿಸಿ ಕೂತು ಲೋಟದ ನೀರಿಗೆ ಬಿಳಿ ಪುಡಿ ಹಾಕಿ ಕಲಸುತ್ತಿದ್ದಳು.

“ಏನದು?” ಮಾಸುಮಬಿ ಲೋಟ ಕಸಿದುಕೊಂಡು ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪು, ಸಿಹಿ.

“ಓಆರ್‌ಎಸ್ ರಿ ಅಮ್ಮಾ. ಟೀಚರ್ ಕೊಟ್ಟಾರ.”

“ಯಾ ಟೀಚರ್? ಕರೀ ಅವರ್ನ. ನನ್ನ ಮುಂದ ಹೇಳಲಿ.”

ಅಂಗನವಾಡಿಯ ಟೀಚರ್ ಮೇಘಾ ತಾನೇ ಬಂದಳು, ಹುಡುಗನನ್ನು ನೋಡಬೇಕಾಗಿತ್ತು ಆಕೆಗೂ. ಪುಡಿ ಸರ್ಕಾರದ್ದು, ಮೈಯ ನೀರು ಬತ್ತಬಾರದೆಂದು ಕೊಟ್ಟದ್ದು ಎಂದು ಹೇಳಿ, ಹುಡುಗನ ರಟ್ಟೆಗೆ ಮೈಕಟ್ಟು ಅಳೆಯುವ ಬಣ್ಣದ ಪಟ್ಟಿ ಸುತ್ತಿ ನೋಡಿದಳು. ಆಕೆಯ ಮುಖ ಸಣ್ಣದಾಯಿತು.

“ಕೆಂಪಿಗೆ ಬಂದೈತ್ರಿ ಅಜ್ಜಿ. ಮೊನ್ನೆ ನರಗುಂದದಿಂದ ಬಂದಾಗ ಹಸಿರಿನ್ಯಾಗಿತ್ತು. ಇನ್ನೊಮ್ಮೆ ಹಿಂಗಾತಂದ್ರ ಗದಗಕ್ಕ ದವಾಖಾನಿಗೆ ಹಾಕಬೇಕಾಗತೈತಿ.”

“ಉಣ್ಣಾಕ ಕಡಿಮಿ ಮಾಡಿಲ್ಲವ್ವಾ ನಾವು. ತತ್ತಿ, ಹಾಲು, ಎಲ್ಲಾ ಕೊಡ್ತೀವಿ.”

“ಕೊಡ್ತೀರಿ, ಆದ್ರ ನಿಂದ್ರೂದಿಲ್ಲ. ಹೊಟ್ಟಿ ಹಿಂಗ ಮ್ಯಾಲಿಂದ ಮ್ಯಾಲೆ ಕೆಟ್ರ ಉಂಡದ್ದು ಮೈಗೆ ಹತ್ತೂದಿಲ್ರಿ. ಮೈ ಬೆಳಿಯೂದು, ತಲಿ ಬೆಳಿಯೂದು, ಮಾತು ಬರೂದು, ಎಲ್ಲಾ ಈ ವಯಸ್ಸಿನ್ಯಾಗ. ಈಗ ಹೋದದ್ದು ಆಮ್ಯಾಲೆ ತುಂಬಿ ಕೊಡಾಕ ಬರೂದಿಲ್ಲ.” ಮೇಘಾ ಒಳಗೆಲ್ಲ ಕಣ್ಣಾಡಿಸಿದಳು. “ನೀರು ಯಾವುದು ಕುಡಸ್ತೀರಿ?”

“ಫಿಲ್ಟರ್ದು,” ಅಂದಳು ನಾಜಮೀನ, ಅತ್ತೆಯ ಮುಖ ನೋಡಿ.

ಮಗಿಯ ಮಾತು ಅಲ್ಲಿ ಯಾರೂ ಎತ್ತಲಿಲ್ಲ. ನಾಜಮೀನಳಿಗೆ ಅತ್ತೆಯ ಅಂಜಿಕೆ. ಮಾಸುಮಬಿಗಂತೂ ಅದು ನೀರೆಂದು ನೆನಪೇ ಆಗಲಿಲ್ಲ. ಅದು ದುವಾ, ಪ್ರಾರ್ಥನೆ. ಟೀಚರ್ ಕೇಳಿದ್ದು ನೀರು.

ಹೋಗುವಾಗ ಮೇಘಾ ಚೀಲದಿಂದ ಬೆರಳುದ್ದದ ಒಂದು ಬಾಟಲಿ ತೆಗೆದಳು. “ಪಂಚಾಯ್ತಿಯಿಂದ ಕೊಟ್ಟಾರ್ರಿ. ಇದರಾಗ ಗೆರಿತನಕ ನೀರು ತುಂಬಿ, ಬೂಚು ಬಿಗಿ ಹಾಕಿ, ಬೆಚ್ಚಗ ಇಡ್ರಿ. ನೀರಿನ್ಯಾಗ ಹೊಲಸಿದ್ರ ಮಾರನೇ ದಿನಕ್ಕ ಕರ್ರಗಾಗತೈತಿ.”

ಮಾಸುಮಬಿಯ ಕಣ್ಣು ಮಿಂಚಿತು. ಇಷ್ಟು ದಿನ ಹುಡುಕಿದ ಸಾಕ್ಷಿ ಇಲ್ಲಿದೆ! “ಒಂದ ಸಾಲೂದಿಲ್ಲ ಮಗಳ. ಮೂರ ಕೊಡು.”

“ಮೂರ ಎದಕ್ಕ?”

“ಕಳ್ಳರು ಒಬ್ಬರ ಇರೂದಿಲ್ಲ.”

ಒಂದರಲ್ಲಿ ಗೋಣೆಪ್ಪನ ನಳದಿಂದ ನೇರ ಹಿಡಿದ ನೀರು. ಅದಕ್ಕೆ ಬಿಳಿ ದಾರ ಕಟ್ಟಿದಳು. ಇನ್ನೊಂದರಲ್ಲಿ ನಾಜಮೀನಳ ಅಡಿಗೆಮನೆಯ ಕೊಡದ ನೀರು, ಅದಕ್ಕೆ ಕೆಂಪು ದಾರ. ಬಿಳಿಯದು ತಿಳಿಯಾಗಿ ಉಳಿದು ಕೆಂಪಿನದು ಕಪ್ಪಾದರೆ ಸೊಸೆಯ ಆಟ ಬಯಲಾದಂತೆ. ಮೂರನೆಯದಕ್ಕೆ ಮಗಿಯ ನೀರು ತುಂಬಿದಳು. ಪರೀಕ್ಷೆಗೆಂದಲ್ಲ, ತೋಬಾ! ಬಾಟಲಿಯೇ ಸುಳ್ಳು ಹೇಳಿದರೆ ಗೊತ್ತಾಗಬೇಕಲ್ಲ, ಅದಕ್ಕೆ. ಯಾವ ಹೊಲಸೂ ಹತ್ತಿರ ಸುಳಿಯದ ನೀರು ಒಂದು ಜೊತೆಗಿರಲಿ ಎಂದು. ಅದಕ್ಕೆ ಹಸಿರು ದಾರ. ಮೂರನ್ನೂ ಕೌದಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಮರುದಿನ ಸಂಜೆ ಹೊತ್ತಿಗೆ ಫಕೀರವ್ವನನ್ನೂ ಮೇಘಾಳನ್ನೂ ಕರೆಸಿ, ಎಲ್ಲರ ಮುಂದೆ ಕೌದಿ ಬಿಚ್ಚಿದಳು.

ಬಿಳಿ ದಾರದ್ದು ಹಾಗೇ ಇತ್ತು. ಕೆಂಪು ದಾರದ್ದೂ ಹಾಗೇ ಇತ್ತು. ಹಸಿರು ದಾರದ ಬಾಟಲಿ ಮಾತ್ರ ಕಾಡಿಗೆ ಕಲಸಿದಂತೆ ಕಪ್ಪಾಗಿತ್ತು.

ಮಾಸುಮಬಿ ಸೊಸೆಯ ಕಡೆ ತಿರುಗಿದಳು.

“ದಾರ ಬದಲ ಮಾಡಿದಿ!”

“ಅಮ್ಮಾ—”

“ಟ್ರಂಕಿಗೆ ಕೀಲಿ ಇಲ್ಲ ಅಂತ ನಿನಗ ಗೊತ್ತಿತ್ತು. ನಿನ್ನ ಕೊಡದ ನೀರು ಕಪ್ಪಾಗಿದ್ದು ನೋಡಿ, ನನ್ನ ಹಸರ ದಾರ ಬಿಚ್ಚಿ ಅದಕ್ಕ ಕಟ್ಟಿದಿ!”

“ಕೂಸಿನ ಆಣಿ ಅಮ್ಮಾ, ನಾ ಟ್ರಂಕ ಮುಟ್ಟಿಲ್ಲ.”

“ಕೂಸಿನ ಆಣಿ ಮಾಡಬ್ಯಾಡ! ನನ್ನ ನೀರಿನ್ಯಾಗ ಹೊಲಸ ಇದ್ರ ನರಗುಂದದಾಗ ಹುಡುಗ ಹ್ಯಾಂಗ ಆರಾಮಾದ? ತಿಂಗಳತನಕ ಅದನ್ನ ಕುಡದ ಅಲ್ಲಿ.”

ನಾಜಮೀನ ಹುಡುಗನನ್ನು ಸೊಂಟದ ಮೇಲೆ ಇನ್ನಷ್ಟು ಎಳೆದುಕೊಂಡಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಅವಳು ಮಾತಾಡಿದ್ದಿಲ್ಲ. ಈಗ ಮಾತಾಡಿದಳು.

“ಕುಡಸಿಲ್ರಿ ಅಲ್ಲಿ. ಒಂದ ಗುಟುಕೂ ಕುಡಸಿಲ್ಲ. ಬೂಚು ತೆಗದ್ರ ವಾಸನಿ ಬಂತು. ಖೋಲಿ ಮುಂದ ದಾಳಿಂಬರ ಗಿಡ ಐತಿ, ಅದರ ಬುಡಕ್ಕ ಹಾಕಿದ್ನಿ. ಯಾರ ಕಾಲಾಗೂ ಬೀಳದಂಗ, ಬಿಸ್ಮಿಲ್ಲಾ ಅಂದು ಹಾಕಿದ್ನಿ.”

“ಚೆಲ್ಲಿದಿ?”

“ಗಿಡಕ್ಕ ಹಾಕಿದ್ನಿ.”

“ಆ ನೀರ ಚೆಲ್ಲಿದಿ!”

ಫಕೀರವ್ವ ನಡುವೆ ಬಂದು, “ಇರಲಿ ಬಿಡಬೇ ಯಕ್ಕಾ, ಗಿಡಾನೂ ಅವನ ಸೃಷ್ಟಿನ” ಅಂದಳು. ಮಾಸುಮಬಿಗೆ ಕೇಳಿಸಲಿಲ್ಲ. ಮೇಘಾ ಅತ್ತೆ ಸೊಸೆಯ ಮುಖ ನೋಡಿ ತನ್ನ ಚೀಲ ಎತ್ತಿಕೊಂಡಳು. ಆಕೆ ಎದ್ದು ಹೊರಟಾಗ ಮಾಸುಮಬಿ ಕಟ್ಟೆಯವರೆಗೆ ಹಿಂದೆ ಹೋಗಿ, ಧ್ವನಿ ತಗ್ಗಿಸಿ ಕೇಳಿದಳು: “ಇನ್ನೊಂದ ಬಾಟ್ಲಿ ಐತಿ?”

ಅದನ್ನು ಆಕೆ ಒಳಮನೆಯ ಕದ ಹಾಕಿಕೊಂಡು ತುಂಬಿದಳು. ತಾನೇ ಬೂಚು ಹಾಕಿದಳು, ತಾನೇ ಹಸಿರು ದಾರ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದಳು. ಟ್ರಂಕಿನಲ್ಲಿ ಇಡಲಿಲ್ಲ. ಸೊಂಟದ ಸಂಚಿಯಲ್ಲಿ, ಎಲೆ ಅಡಿಕೆಯ ಕೆಳಗೆ, ತನ್ನ ಮೈಗೆ ಹತ್ತಿ ಇಟ್ಟುಕೊಂಡಳು. ಆ ಸಂಚಿಗೆ ಗಂಡ ಬದುಕಿದ್ದಾಗ ಅವನೂ ಕೈ ಹಾಕಿದವನಲ್ಲ. ಈಗ ಯಾರು ಬದಲು ಮಾಡುತ್ತಾರೋ ನೋಡೋಣ!

ರಾತ್ರಿ ಅಲ್ತಮಶ ಹಾಸಿಗೆಯಿಂದಲೇ ಸಣ್ಣ ಧ್ವನಿಯಲ್ಲಿ, “ದಾದೀ, ಪಾನೀ” ಅಂದ.

ಮಾಸುಮಬಿ ರೂಢಿಯಂತೆ ಬಟ್ಟಲು ಹಿಡಿದು ಗೂಡಿನ ಮುಂದೆ ಹೋದಳು. ಹಸಿರು ಅರಿವೆ ಸರಿಸಿದಳು. ಕೈ ಅಲ್ಲೇ ನಿಂತಿತು. ಸೊಂಟದಲ್ಲಿ ಬಾಟಲಿ ಒತ್ತುತ್ತಿತ್ತು. ನಾಳೆ ಕೊಟ್ಟರಾಯಿತು, ನಾಳೆ ಎಲ್ಲಾ ಗೊತ್ತಾದ ಮೇಲೆ ಎರಡು ಬಟ್ಟಲು ಹೆಚ್ಚೇ ಕೊಟ್ಟರಾಯಿತು ಎಂದುಕೊಂಡು, ಅಡಿಗೆಮನೆಗೆ ಹೋಗಿ ಸೊಸೆಯ ಕೊಡದಿಂದ ನೀರು ಬಗ್ಗಿಸಿಕೊಂಡು ಬಂದಳು. ಹುಡುಗ ಗಟಗಟ ಕುಡಿದ. ಬಾಗಿಲಲ್ಲಿ ನಿಂತಿದ್ದ ನಾಜಮೀನ ಅದನ್ನು ನೋಡಿದಳು.

ಮರುದಿನ ಶುಕ್ರವಾರ. ಅಲ್ತಮಶನಿಗೆ ಬೇಸರ ಬಾರದಿರಲಿ ಎಂದು ರಾಯಣ್ಣ ತನ್ನ ಟಾಯರು ತಂದು ಮಾಸುಮಬಿಯ ಅಂಗಳದಲ್ಲೇ ಹೊಡೆಯುತ್ತಿದ್ದ. ಫಕೀರವ್ವ ಕಟ್ಟೆಗೆ ಕೂತು ಮಾತು ತೆಗೆದಿದ್ದಳು. ಮಧ್ಯಾಹ್ನದ ಬಿಸಿಲು ಇಳಿದಿತ್ತು. ಮಾತಿನ ನಡುವೆ ಮಾಸುಮಬಿ ಎಲೆಗೆಂದು ಸಂಚಿಗೆ ಕೈ ಹಾಕಿದಳು. ಎಲೆಯ ಜೊತೆ ಬಾಟಲಿಯೂ ಕೈಗೆ ಬಂತು.

“ಅದೇನಬೇ ಯಕ್ಕಾ, ಕಾಡಿಗಿ?” ಎಂದಳು ಫಕೀರವ್ವ.

ಮಾಸುಮಬಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ದಾರದ ಗಂಟು ಉಗುರಿನಿಂದ ಮುಟ್ಟಿ ನೋಡಿದಳು. ತಾನು ಹಾಕಿದ ಗಂಟು, ಒಂದೂ ಬಿಚ್ಚಿರಲಿಲ್ಲ. ಗೋಣೆಪ್ಪ ತನ್ನ ಫಿಲ್ಟರ್ ಹತ್ತಿರ ಇದ್ದ. ಸೊಸೆ ಒಳಗಿದ್ದಳು. ಫಕೀರವ್ವ ಈಗಷ್ಟೇ ಬಂದವಳು. ಒಬ್ಬೊಬ್ಬರನ್ನೇ ಆಕೆಯ ಮನಸ್ಸು ಹಿಡಿಯಲು ಹೋಯಿತು, ಒಬ್ಬೊಬ್ಬರೂ ಜಾರಿಹೋದರು. ಕೊನೆಗೆ ಸಂಚಿ ಉಳಿಯಿತು. ಸಂಚಿ ಕಟ್ಟಿದ ಸೊಂಟ ಉಳಿಯಿತು.

“ಹೂಂ,” ಅಂದಳು. “ಕಾಡಿಗಿ.”

ಎಲೆ ಹಾಕಿಕೊಳ್ಳದೆ ಎದ್ದು ಒಳಗೆ ಹೋದಳು. ಗೂಡಿನಿಂದ ಮಗಿ ಇಳಿಸಿ, ಅರಿವೆ ತೆಗೆದು, ಇಷ್ಟು ವರ್ಷದಲ್ಲಿ ಮೊದಲ ಸಲ ಬಟ್ಟಲಿನ ಬದಲು ಕೈಯನ್ನೇ ಒಳಗೆ ಇಳಿಸಿದಳು. ಬೆರಳಿಗೆ ಮಣ್ಣಿನ ಒರಟು ಸಿಗಲಿಲ್ಲ. ಸುತ್ತಲೂ ಲೋಳೆ. ತಳಕ್ಕೆ ಹೋದಂತೆ ಇನ್ನೂ ದಪ್ಪ, ಕೆಸರಿನಂತೆ ಮೆತ್ತಗೆ. ಕೈ ತೆಗೆದು ಮೂಗಿನ ಹತ್ತಿರ ತಂದಳು. ಸೊಸೆ ಅಂದದ್ದು ಖರೇ ಇತ್ತು.

ನಮಾಜಿಗೆ ನಿಲ್ಲುವ ಮುಂಚೆ ದಿನವೂ ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೊಣಕೈತನಕ ನೀರು ಹರಿಸುವ ಹೆಂಗಸು ಆಕೆ. ವಜೂ ಇಲ್ಲದೆ ಒಂದು ದಿನ ಚಾಪೆ ಹಾಸಿದವಳಲ್ಲ. ಹಜರತ್ತರೂ ಬಾಯಿ ಶುದ್ಧ ಮಾಡಿಕೊಂಡೇ ಈ ನೀರಿನ ಮೇಲೆ ಊದುತ್ತಿದ್ದರು. ಇಷ್ಟೆಲ್ಲ ಶುದ್ಧದ ನಡುವೆ ಈ ಮಗಿಯೊಂದನ್ನೇ ವಜೂ ಇಲ್ಲದೆ ನಿಲ್ಲಿಸಿದ್ದಳು, ಮೇಲೆ ಹಸಿರು ಹೊದಿಸಿ. ನೀರಿಲ್ಲದೆ ಬಾಯಿ ಬಿಟ್ಟ ಕೂಸುಗಳಿಗಾಗಿ ಬಾಗಿಲ ಮರೆಯಲ್ಲಿ ಅತ್ತದ್ದು ನೆನಪಾಯಿತು. ಆ ಹೊಳೆಗೆ ಅಡ್ಡ ನಿಂತವರ ಕೈ ಹೇಗಿತ್ತೋ ಆಕೆಗೆ ಗೊತ್ತಿರಲಿಲ್ಲ. ತನ್ನ ಕೈಯನ್ನು ಆಕೆ ಬಹಳ ಹೊತ್ತು ನೋಡಿದಳು.

ಹಿತ್ತಲಿಗೆ ಹೋಗಿ, ಬಿಸ್ಮಿಲ್ಲಾ ಅಂದು, ಮಗಿಯನ್ನು ನುಗ್ಗೆಗಿಡದ ಬುಡಕ್ಕೆ ಬಗ್ಗಿಸಿದಳು. ತಳದ್ದೂ ಬರಲೆಂದು ಅಲುಗಾಡಿಸಿದಳು. ತಿರುಗಿದರೆ ಬಾಗಿಲಲ್ಲಿ ನಾಜಮೀನ. ಹೊರಗಿನ ಸೀರೆ ಉಟ್ಟಿದ್ದಳು. ಹುಡುಗ ಸೊಂಟದ ಮೇಲೆ, ಕಾಲ ಹತ್ತಿರ ಬಟ್ಟೆಯ ಚೀಲ.

“ಅವರು ಗಜೇಂದ್ರಗಡತನಕ ಬಂದು ಅಲ್ಲೇ ಕಾಯಾಕತ್ತಾರಂತ್ರಿ. ಸಂಜಿ ಬಸ್ಸಿಗೆ ಹೋಗ್ತೀವಿ,” ಅಂದಳು. ಅತ್ತೆಯ ಬೈಗುಳಕ್ಕೆ ಮೈ ಬಿಗಿಹಿಡಿದು ನಿಂತಿದ್ದಳು.

ಮಾಸುಮಬಿ ಬೈಯಲಿಲ್ಲ. ಸಂಚಿಯಿಂದ ಬಾಟಲಿ ತೆಗೆದು ಸೊಸೆಯ ಕೈಗಿಟ್ಟಳು.

“ಇದು ಟ್ರಂಕಿನ್ಯಾಗ ಇರಲಿಲ್ಲ. ನನ್ನ ಹಂತ್ಯಾಕ ಇತ್ತು.” ತಡೆದು ಮತ್ತೆ ಅಂದಳು: “ದಾರ ನಾನ ಕಟ್ಟಿದ್ನಿ.”

ನಾಜಮೀನ ಬಾಟಲಿ ನೋಡಿದಳು, ಗಿಡದ ಬುಡದ ಹಸಿ ಮಣ್ಣು ನೋಡಿದಳು. ಅವಳ ಕಣ್ಣು ತುಂಬಿದವು, ಆದರೆ ಮುಖ ಸಡಿಲಾಗಲಿಲ್ಲ. ಚೀಲವನ್ನು ಕಾಲಿನಿಂದ ಸ್ವಲ್ಪ ಹಿಂದೆ ಸರಿಸಿದಳು. ಅದು ಹೊಸ್ತಿಲ ಮೇಲೆ ಕೂತಿತು, ಒಳಗೂ ಅಲ್ಲ, ಹೊರಗೂ ಅಲ್ಲ.

ಮಾಸುಮಬಿ ಕ್ಯಾನು ತೆಗೆದುಕೊಂಡು ತಾನೇ ಫಿಲ್ಟರಿಗೆ ನಡೆದಳು.

“ಚಿಗವ್ವಾ!” ಗೋಣೆಪ್ಪ ಎದ್ದು ನಿಂತ. “ಇವತ್ತಂತೂ ಸೂರ್ಯ ಹುಟ್ಟಿದ್ದ ಸುಳ್ಳು. ಬುತ್ತಿ ತೋರಸ್ಲಿ ಏನು?”

“ಲಗೂ ನೀರ ಬಿಡು. ನಮಾಜ ಬಿಡೂ ಹೊತ್ತಾತು.” ಕ್ಯಾನು ತುಂಬಿಸಿಕೊಂಡು ತಿರುಗಿ ಹೊರಟವಳು ನಿಂತು ಕೇಳಿದಳು: “ಈ ಕ್ಯಾನ ಒಳಗ ತೊಳಿಯೂದು ಹ್ಯಾಂಗಪಾ?”

ಮನೆಗೆ ಬಂದು ಮುಚ್ಚಳವಿದ್ದ ಸ್ಟೀಲಿನ ಡಬ್ಬಿ ಹುಡುಕಿ, ಕುದಿಯುವ ನೀರು ಹಾಕಿ, ಬೂದಿ ಹಚ್ಚಿ ತಿಕ್ಕಿದಳು. ಬಟ್ಟಲನ್ನೂ ತಿಕ್ಕಿದಳು. ಹೊಸ ನೀರು ತುಂಬಿದ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಕೊಂಡು ಮಸೂತಿ ಬಾಗಿಲಿಗೆ ಹೋಗಿ, ತಾಯಂದಿರ ಸಾಲಿನ ಕೊನೆಗೆ ನಿಂತಳು. ಹಜರತ್ತರು ಊದಿದರು. ಯಾವ ಬಾವಿಯದು, ಯಾವ ನಳದ್ದು ಎಂದು ಕೇಳಲಿಲ್ಲ.

ತಿರುಗಿ ಬಂದಾಗ ನಾಜಮೀನ ಪಡಸಾಲೆಯಲ್ಲೇ ಇದ್ದಳು. ಚೀಲವೂ ಅಲ್ಲೇ ಇತ್ತು. ಅಲ್ತಮಶ ಅಜ್ಜಿಯ ಬಟ್ಟಲು ನೋಡಿ ಎರಡೂ ಕೈ ಚಾಚಿದ. ತಾಯಿ ಅವನನ್ನು ಹಿಂದಕ್ಕೆ ಎಳೆದುಕೊಂಡಳು. ಅವಳ ಕಣ್ಣು ಮಾಸುಮಬಿಯ ಬೆರಳುಗಳ ಮೇಲಿತ್ತು, ಉಗುರುಗಳ ಮೇಲಿತ್ತು, ಬಟ್ಟಲಿನ ಅಂಚಿನ ಮೇಲಿತ್ತು. ಆ ನೋಟವನ್ನು ಮಾಸುಮಬಿ ಚೆನ್ನಾಗಿ ಬಲ್ಲಳು. ಇಷ್ಟು ದಿನ ಕಟ್ಟೆಯ ಮೇಲೆ ಕೂತು ಊರನ್ನೆಲ್ಲ ತಾನು ಹೀಗೇ ನೋಡಿದ್ದಳು.

ಆಕೆ ಬಟ್ಟಲನ್ನು ಕೆಳಗಿಟ್ಟು, ಸೊಸೆಯ ಎದುರಿಗೇ ಸಾಬೂನು ಹಚ್ಚಿ ಕೈ ತೊಳೆದಳು. ಬೆರಳ ಸಂದಿಯಲ್ಲಿ, ಉಗುರ ಕೆಳಗೆ, ಮೊಣಕೈತನಕ, ನಮಾಜಿಗೆ ತೊಳೆದಂತೆ. ಆಮೇಲೆ ಬಟ್ಟಲು ಎತ್ತಿ, ಹುಡುಗನ ಬಾಯಿಗಲ್ಲ, ಸೊಸೆಯ ಕಡೆ ಹಿಡಿದಳು.

“ಮೊದಲ ನೀ ನೋಡು.”

ಬೇರೆ ದಿನವಾಗಿದ್ದರೆ ನಾಜಮೀನ ನಾಚುತ್ತಿದ್ದಳು. ಇವತ್ತು ನಾಚಲಿಲ್ಲ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು, ಬೆಳಕಿಗೆ ಓರೆ ಮಾಡಿದಳು, ತಾನು ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ನುಂಗಿದಳು. ಊರ ಹೊರಗೆ ನರಗುಂದದ ಬಸ್ಸಿನ ಹಾರ್ನು ಕೇಳಿಸಿತು. ಹುಡುಗ “ಪಾನೀ” ಎಂದು ತಾಯಿಯ ಸೆರಗು ಜಗ್ಗಿದ. ಅವಳು ಇನ್ನೊಮ್ಮೆ ಬಟ್ಟಲಿನೊಳಗೆ ಇಣುಕಿದಳು.

ಮಾಸುಮಬಿ ಒದ್ದೆ ಕೈ ಒರೆಸಿಕೊಳ್ಳದೆ ಹಾಗೇ ಮುಂದೆ ಹಿಡಿದುಕೊಂಡು, ಸೊಸೆ ನೋಡಿ ಮುಗಿಸುವವರೆಗೆ ಕಾದು ನಿಂತಳು.